ಬಾಗಿಲಾಚೆಯ ನಾಲ್ಕಡಿ ಯಾರದ್ದು?

ಅಪಾರ್ಟ್‌ಮೆಂಟಿಗೆ ಸಾಮಾನು ಇಳಿಸಿದ ದಿನ ಎಲ್ಲಕ್ಕೂ ಹೇಗೋ ಜಾಗ ಸಿಗುತ್ತದೆ, ಒಂದನ್ನು ಬಿಟ್ಟು. ಅದೇ ಚಪ್ಪಲಿ ಸ್ಟ್ಯಾಂಡ್! ಒಳಗಿಟ್ಟರೆ ದೇವರ ಗೂಡಿಗೆ ಎದುರಾಗುತ್ತದೆ. ಬಾಲ್ಕನಿಯಲ್ಲಿಡೋಣ ಅಂದರೆ ಅಲ್ಲಿ ವಾಷಿಂಗ್ ಮೆಷಿನ್ ಆಗಲೇ ಕೂತಾಗಿದೆ. ಕೊನೆಗೆ ಸ್ಟ್ಯಾಂಡ್ ಬಾಗಿಲಾಚೆ ಹೋಗುತ್ತದೆ. ಆರು ತಿಂಗಳಿಗೆ ಅದರ ಪಕ್ಕ ಒಂದು ತುಳಸಿ ಕುಂಡ, ವರ್ಷಕ್ಕೆ ಮಗುವಿನ ಸೈಕಲ್ಲು, ಇನ್ನೊಂದು ವರ್ಷಕ್ಕೆ ಹಳೆ ಪೇಪರ್ ಕಟ್ಟು, ನೀರಿನ ಖಾಲಿ ಕ್ಯಾನು. ಎದುರು ಮನೆಯವರೂ ಸುಮ್ಮನಿರುತ್ತಾರೆಯೇ? ಅವರದ್ದೂ ಒಂದು ಬೀರು ಆಚೆ ಬರುತ್ತದೆ. ನಿಮ್ಮ ಮಹಡಿಯಲ್ಲೂ ಹೀಗೇನಾ?

‘ಹೆಂಗಸರಿಗೆ ಎಷ್ಟು ಜಾಗ ಇದ್ರೂ ಸಾಲಲ್ಲ’ ಎಂದು ನಗುವ ಗಂಡಸರಿದ್ದಾರೆ. ಬೇಸಿಗೆಯಲ್ಲಿ ಹಪ್ಪಳ, ಸಂಡಿಗೆ, ಬ್ಯಾಡಗಿ ಮೆಣಸಿನಕಾಯಿ ಎಲ್ಲಿ ಒಣಗುತ್ತವೆ, ಜಡಿಮಳೆಯಲ್ಲಿ ಒದ್ದೆ ಬೆಡ್‌ಶೀಟು ಎಲ್ಲಿ ಹರವುತ್ತಾರೆ ಅನ್ನೋದು ಅವರಿಗೆ ಗೊತ್ತಿದ್ದರೆ ತಾನೇ! ಮನೆ ನಕ್ಷೆ ಬರೆದವರಿಗೂ ಗೊತ್ತಿದ್ದಂತಿಲ್ಲ ಬಿಡಿ. ನಮ್ಮ ಉತ್ತರ ಬೆಂಗಳೂರನ್ನೇ ನೋಡಿ. 2008ರ ಮೇ ತಿಂಗಳಲ್ಲಿ ದೇವನಹಳ್ಳಿಯ ವಿಮಾನ ನಿಲ್ದಾಣ ಶುರುವಾದ ಮೇಲೆ ಹೆಬ್ಬಾಳದಿಂದ ಜಕ್ಕೂರು, ಯಲಹಂಕದವರೆಗೂ ಸಾಲು ಸಾಲು ಕಟ್ಟಡ ಎದ್ದವು. ಆರ್.ಟಿ. ನಗರದಲ್ಲಿ ಒಂದು ಹಳೇ ಒಂಟಿ ಮನೆ ಕೆಡವಿದರೆ ಅದೇ ಸೈಟಿನಲ್ಲಿ ಎಂಟು-ಹತ್ತು ಸಂಸಾರ. ಯಶವಂತಪುರದಲ್ಲಿ ಕಾರ್ಖಾನೆ ಇದ್ದ ಜಾಗದಲ್ಲಿ ಕತ್ತೆತ್ತಿ ನೋಡಬೇಕಾದ ಗೋಪುರಗಳು. ಎಲ್ಲ ಕಡೆಯೂ ಹಾಲು, ಎರಡು ರೂಮು, ಅಡುಗೆಮನೆ ಇವೆ. ಹಿತ್ತಿಲು, ಜಗಲಿ, ಅಟ್ಟ ಮಾತ್ರ ಇಲ್ಲ. ಹಾಗಾಗಿ ಕಾರಿಡಾರು ಜಗಲಿಯಾಗುತ್ತದೆ, ಟೆರೇಸು ಹಿತ್ತಿಲಾಗುತ್ತದೆ, ಮೆಟ್ಟಿಲ ಕೆಳಗಿನ ಮೂಲೆ ಅಟ್ಟವಾಗುತ್ತದೆ. ಇದರಲ್ಲಿ ತಪ್ಪೇನೂ ಇಲ್ಲ. ಆದರೆ ಹೇಗೆ ಮಾಡಿಕೊಳ್ಳುತ್ತೇವೆ ಅನ್ನೋದು ಮುಖ್ಯ.

ನಮ್ಮ ಅಜ್ಜಿ-ಅಮ್ಮಂದಿರ ಕಾಲದ ವಠಾರ ನೆನಪಿಸಿಕೊಳ್ಳಿ. ನೆನಪಿಲ್ಲದವರು 1990ರ ‘ಗಣೇಶನ ಮದುವೆ’ ಸಿನಿಮಾ ನೋಡಿದ್ದರೂ ಸಾಕು. ಒಂದೇ ನಲ್ಲಿ, ಒಂದೇ ಬಚ್ಚಲು, ಒಂದೇ ಒಗೆಯುವ ಕಲ್ಲು. ಆದರೆ ಅಲ್ಲಿ ಯಾರೂ ನಲ್ಲಿಗೆ ಬೇಲಿ ಹಾಕಲಿಲ್ಲ. ಬದಲಿಗೆ ಸರದಿ ಹಾಕಿಕೊಂಡರು. ಬೆಳಗ್ಗೆ ಐದೂವರೆಗೆ ಆ ಮನೆ, ಆರಕ್ಕೆ ಈ ಮನೆ. ಜಗಳ ಆಗುತ್ತಿರಲಿಲ್ಲ ಅಂತಲ್ಲ, ಚೆನ್ನಾಗೇ ಆಗುತ್ತಿತ್ತು! ಆದರೂ ಕೊಡ ಎತ್ತಿದ ಮೇಲೆ ಜಾಗ ಖಾಲಿ. ಅಪಾರ್ಟ್‌ಮೆಂಟಿಗೆ ಬಂದ ನಾವು ಮಾಡುತ್ತಿರುವುದು ಇದರ ಉಲ್ಟಾ. ಹೊತ್ತು ಹಂಚಿಕೊಳ್ಳುವ ಬದಲು ನೆಲ ಹಂಚಿಕೊಳ್ಳುತ್ತಿದ್ದೇವೆ. ಎಲ್ಲ ಕಿರಿಕ್ಕೂ ಶುರುವಾಗುವುದು ಅಲ್ಲೇ ಎಂದು ನನಗನಿಸುತ್ತದೆ.

‘ನನ್ನ ಬಾಗಿಲ ಮುಂದೆ ತಾನೇ ಇಟ್ಟಿರೋದು, ನಿಮಗೇನ್ರೀ ಕಷ್ಟ?’ ಈ ಮಾತು ಕೇಳದ ಅಪಾರ್ಟ್‌ಮೆಂಟೇ ಇಲ್ಲವೇನೋ. ಕಾನೂನು ಏನನ್ನುತ್ತದೆ ಗೊತ್ತೇ? ನಿಮ್ಮ ಕ್ರಯಪತ್ರ ತೆಗೆದು ನೋಡಿ. ಅದರಲ್ಲಿ ‘ಅವಿಭಾಜ್ಯ ಪಾಲು’ ಎಂಬ ಮಾತಿರುತ್ತದೆ. ಕರ್ನಾಟಕ ಅಪಾರ್ಟ್‌ಮೆಂಟ್ ಮಾಲೀಕತ್ವ ಕಾಯ್ದೆ 1972ರ ಪ್ರಕಾರ ಸಾಮಾನ್ಯ ಜಾಗಗಳು ಎಲ್ಲ ಮನೆಯವರಿಗೂ ಸೇರಿದ್ದು, ಅವನ್ನು ತುಂಡು ಮಾಡಿ ಹಂಚಿಕೊಳ್ಳುವಂತಿಲ್ಲ. 2016ರ ರೇರಾ ಕಾಯ್ದೆಯಲ್ಲಂತೂ ಪಟ್ಟಿಯೇ ಇದೆ: ಮೆಟ್ಟಿಲು, ಲಿಫ್ಟು, ಲಾಬಿ, ತುರ್ತು ದಾರಿ, ಸಾಮಾನ್ಯ ಟೆರೇಸು, ನೆಲಮಾಳಿಗೆ, ಆಟದ ಜಾಗ, ತೆರೆದ ಪಾರ್ಕಿಂಗು ಎಲ್ಲವೂ ಸಾಮಾನ್ಯವೇ. ಅಂದರೆ ನಿಮ್ಮ ಬಾಗಿಲ ಮುಂದಿನ ನಾಲ್ಕಡಿಯಲ್ಲಿ ಐದನೇ ಮಹಡಿಯವರಿಗೂ ಪಾಲಿದೆ, ಅವರ ಟೆರೇಸಿನಲ್ಲಿ ನಿಮಗೂ ಪಾಲಿದೆ. ಕೊನೇ ಮಹಡಿಯವರು ‘ಟೆರೇಸ್ ನಮ್ದು’ ಅಂದರೆ ಕ್ರಯಪತ್ರದಲ್ಲಿ ಹಾಗೆ ಬರೆದಿದೆಯೇ ಎಂದು ಕೇಳುವ ಹಕ್ಕು ನಿಮಗಿದೆ.

ದಾರಿ ಎಂದರೆ ದಾರಿಯೇ

ಎಲ್ಲದಕ್ಕೂ ಹೊಂದಾಣಿಕೆ ಇರಲಿ, ಒಂದಕ್ಕೆ ಮಾತ್ರ ಬೇಡ. ಮನೆಯಿಂದ ಹೊರಗೆ ಓಡುವ ದಾರಿ.

2021ರ ಸೆಪ್ಟೆಂಬರ್ 21ರ ಮಧ್ಯಾಹ್ನ ನಮ್ಮ ಊರಿನ ದಕ್ಷಿಣದ ತುದಿಯಲ್ಲಿ, ಬೇಗೂರಿನ ಬಳಿಯ ದೇವರಚಿಕ್ಕನಹಳ್ಳಿಯ ಅಪಾರ್ಟ್‌ಮೆಂಟ್ ಒಂದರಲ್ಲಿ ಬೆಂಕಿ ಬಿತ್ತು. ತಾಯಿ, ಮಗಳು ಇಬ್ಬರೂ ತೀರಿಕೊಂಡರು. ಬಾಲ್ಕನಿಗೆ ಹಾಕಿಸಿದ್ದ ಗ್ರಿಲ್‌ನಿಂದಾಗಿ ಆಚೆ ಬರಲು ಆಗಲೇ ಇಲ್ಲ. ಆ ದೃಶ್ಯವನ್ನು ಟೀವಿಯಲ್ಲಿ ನೋಡಿದವರಿಗೆ ಇವತ್ತಿಗೂ ಮರೆಯಲಾಗದು. ಗ್ರಿಲ್ ಹಾಕಿಸಿದ್ದು ಯಾತಕ್ಕೆ? ಕಳ್ಳರ ಭಯಕ್ಕೆ, ಮಕ್ಕಳು ಬೀಳದಿರಲಿ ಅಂತ. ಎಲ್ಲರೂ ಹಾಕಿಸುವುದು ಅದಕ್ಕೇ. ಅದಕ್ಕೂ ಮುಂಚೆ, 2010ರ ಫೆಬ್ರವರಿ 23ರಂದು ಹಳೇ ವಿಮಾನ ನಿಲ್ದಾಣ ರಸ್ತೆಯ ಕಾರ್ಲ್‌ಟನ್ ಟವರ್ಸ್‌ನಲ್ಲಿ 9 ಜನ ಸತ್ತರು. ಅದು ಆಫೀಸುಗಳ ಕಟ್ಟಡ. ಹೊಗೆ ತುಂಬಿ ಇಳಿಯಲಾಗದೆ ಕಿಟಕಿಯಿಂದ ಹಾರಿದವರಿದ್ದರು.

ಬೆಂಕಿಗಿಂತ ಮೊದಲು ಬರುವುದು ಹೊಗೆ. ಮೆಟ್ಟಿಲ ಜಾಗ ಕೆಳಗಿನಿಂದ ಮೇಲಿನವರೆಗೆ ಒಂದೇ ಕೊಳವೆ ಇದ್ದಂತೆ, ಅಡುಗೆ ಒಲೆಯ ಚಿಮಣಿ ಹಾಗೆ ಹೊಗೆಯನ್ನು ಮೇಲಕ್ಕೆ ಎಳೆಯುತ್ತದೆ. ಕರೆಂಟಿನ ಕೇಬಲ್ಲುಗಳು ಹೋಗುವ ಡಕ್ಟೂ ಎಷ್ಟೋ ಕಡೆ ಮೆಟ್ಟಿಲ ಪಕ್ಕದಲ್ಲೇ ಇರುತ್ತದೆ. ಅದರ ಮುಂದೆ ನಾವು ಇಟ್ಟಿರುವುದು ಏನು? ರಬ್ಬರ್ ಚಪ್ಪಲಿ, ಪ್ಲಾಸ್ಟಿಕ್ ಕ್ರೇಟು, ಪೇಪರ್ ಕಟ್ಟು. ಹೊತ್ತಿಕೊಂಡರೆ ದಟ್ಟ ಕಪ್ಪು ಹೊಗೆ ಕೊಡುವ ಸಾಮಾನುಗಳೇ. ಬೆಂಕಿಯ ಮಾತು ಬಿಡಿ, ಅದು ಎಲ್ಲರ ಮನೆಗೂ ಬರುವುದಿಲ್ಲ. ಆದರೆ ಮಾವನವರಿಗೆ ರಾತ್ರಿ ಎರಡು ಗಂಟೆಗೆ ಎದೆನೋವು ಬಂದೀತು. ಸಣ್ಣ ಲಿಫ್ಟಿನಲ್ಲಿ ಸ್ಟ್ರೆಚರ್ ಹಿಡಿಸುವುದಿಲ್ಲ, ಮೆಟ್ಟಿಲಲ್ಲೇ ಇಳಿಸಬೇಕು. ಮೆಟ್ಟಿಲು ತಿರುಗುವ ಕಡೆ ಸೈಕಲ್ಲು ಒರಗಿಸಿದ್ದರೆ?

ಒಂದು ಸುಲಭದ ಪರೀಕ್ಷೆ ಹೇಳುತ್ತೇನೆ. ಊಟದ ಮೇಜಿನ ಒಂದು ಕುರ್ಚಿಯ ಮೇಲೆ ಮಗಳನ್ನು ಕೂರಿಸಿ, ನೀವೂ ನಿಮ್ಮವರೂ ಎರಡು ಕಡೆ ಹಿಡಿದು ನಿಮ್ಮ ಬಾಗಿಲಿನಿಂದ ಮೆಟ್ಟಿಲವರೆಗೆ ಹೋಗಿ. ಎಲ್ಲೂ ಓರೆಯಾಗದೆ, ಏನನ್ನೂ ದಾಟದೆ ಹೋದಿರಾ? ಸರಿ. ಇಲ್ಲವಾದರೆ ಅಡ್ಡ ಬಂದದ್ದು ಅವತ್ತೇ ಒಳಗೆ ಬರಬೇಕು.

‘ಒಳಗೆ ಎಲ್ಲಿ ಇಡೋದು ರೀ?’ ಅನ್ನುತ್ತೀರಿ. ಚಪ್ಪಲಿಗೆ ಈಗ ಗೋಡೆಗೆ ಅಂಟಿಕೊಂಡು ನಿಲ್ಲುವ, ಮುಂದಕ್ಕೆ ಬಾಗಿ ತೆರೆಯುವ ಬೀರುಗಳು ಸಿಗುತ್ತವೆ. ಆಳ ಏಳೆಂಟು ಇಂಚು ಅಷ್ಟೇ, ಬಾಗಿಲ ಹಿಂದೆಯೇ ಹಿಡಿಸುತ್ತದೆ. ದಿನ ಬಳಸುವ ಜೋಡಿಗಳಷ್ಟೇ ಅದರಲ್ಲಿರಲಿ. ಮದುವೆ-ಮುಂಜಿಗೆ ಹಾಕುವ ಚಪ್ಪಲಿ ಮಂಚದ ಕೆಳಗೆ ಡಬ್ಬಿಯಲ್ಲಿದ್ದರೆ ಏನು ನಷ್ಟ? ತುಳಸಿಗೆ ಬಾಲ್ಕನಿ ಕಟ್ಟೆಯ ಒಳಬದಿಗೆ ಸಿಕ್ಕಿಸುವ ಸ್ಟ್ಯಾಂಡ್ ತನ್ನಿ. ಒಳಬದಿಗೇ ಅನ್ನೋದು ನೆನಪಿರಲಿ, ಹೊರಗೆ ನೇತುಹಾಕಿದ ಕುಂಡ ಕೆಳಗೆ ಹೋಗುವವರ ತಲೆಯ ಮೇಲಿರುತ್ತದೆ. ಬಾಲ್ಕನಿ ಗ್ರಿಲ್ ಇದ್ದರೆ ಅದರಲ್ಲಿ ಮನುಷ್ಯರು ನುಸುಳುವಷ್ಟು ಅಗಲದ ಒಂದು ಪುಟ್ಟ ಬಾಗಿಲು ಮಾಡಿಸಿ. ಅದರ ಕೀಲಿ ಅಲ್ಲೇ ಪಕ್ಕದ ಮೊಳೆಯಲ್ಲಿ ತೂಗಲಿ, ಮಕ್ಕಳ ಕೈಗೆ ಎಟುಕದ ಎತ್ತರದಲ್ಲಿ. ಮನೆಯ ಎಲ್ಲರಿಗೂ ಅದು ಎಲ್ಲಿದೆಯೆಂದು ಗೊತ್ತಿರಬೇಕು, ಕೆಲಸದವಳಿಗೂ. ಇನ್ನು ಕೆಲವರು ಕಾರಿಡಾರಿನ ತುದಿಯ ಎರಡು ಮನೆ ಸೇರಿ ಒಂದು ಕಬ್ಬಿಣದ ಗೇಟು ಹಾಕಿಸಿ ಒಳಗೆ ಸೋಫಾ ಹಾಕಿಕೊಂಡಿರುತ್ತಾರೆ. ನೋಡಲು ಚೆಂದ. ಆದರೆ ಹಾಗೆ ಮುಚ್ಚಿದ್ದು ಎಲ್ಲರ ದಾರಿಯನ್ನು. ಆ ಕಡೆ ಅಗ್ನಿಶಾಮಕದ ಪೈಪೋ, ಎರಡನೇ ಮೆಟ್ಟಿಲೋ ಇದ್ದರಂತೂ ಅದು ಕಾನೂನಿಗೂ ನಿಲ್ಲುವುದಿಲ್ಲ.

ಟೆರೇಸ್ ಎಂಬ ಹಿತ್ತಿಲು

ನನ್ನ ಮಟ್ಟಿಗೆ ಅಪಾರ್ಟ್‌ಮೆಂಟಿನ ಅತಿ ಒಳ್ಳೆಯ ಜಾಗ ಅದು. ಅತಿ ಹೆಚ್ಚು ಹೊತ್ತು ಬೀಗ ಹಾಕಿರುವ ಜಾಗವೂ ಅದೇ! 2020ರ ಲಾಕ್‌ಡೌನ್‌ನಲ್ಲಿ ಆ ಬೀಗ ತೆಗೆದ ಕಡೆಯಲ್ಲೆಲ್ಲ ಅದು ಜನರನ್ನು ಕಾಪಾಡಿತು. ಬೆಳಗ್ಗೆ ವಯಸ್ಸಾದವರ ವಾಕಿಂಗು, ಸಂಜೆ ಮಕ್ಕಳ ಗಾಳಿಪಟ. ಆಗ ಎಷ್ಟೋ ಕಟ್ಟಡಗಳಲ್ಲಿ ಜನ ಗುಂಪಾಗಬಾರದು ಅಂತ ಮಹಡಿಗೊಂದು ಹೊತ್ತು ಗೊತ್ತು ಮಾಡಿಕೊಂಡಿದ್ದರು. ವಠಾರದ ಸರದಿ ತಾನಾಗಿಯೇ ವಾಪಸ್ ಬಂದಿತ್ತು! ಕೊರೋನಾ ಹೋದ ಮೇಲೆ ಬೀಗವೂ ವಾಪಸ್ ಬಂತು, ಸರದಿ ಮರೆತೇಹೋಯಿತು.

ಅದನ್ನು ಮತ್ತೆ ತರುವುದು ಕಷ್ಟವೇನಲ್ಲ. ಬೆಳಗ್ಗೆ ಒಂಬತ್ತರಿಂದ ಮಧ್ಯಾಹ್ನ ಎರಡರವರೆಗೆ ಒಣಗಿಸುವವರಿಗೆ, ಆ ಹೊತ್ತಿನ ಬಿಸಿಲೇ ಹಪ್ಪಳಕ್ಕೆ ಬೇಕಾದದ್ದು. ಸಂಜೆ ನಾಲ್ಕೂವರೆಯಿಂದ ಆರೂವರೆ ಮಕ್ಕಳಿಗೆ. ಆಮೇಲೆ ನಡೆದಾಡುವವರಿಗೆ. ಬಟ್ಟೆ ಹಗ್ಗ ಮನೆಗೊಂದು ಅಂತ ಕಟ್ಟಿದರೆ ಟೆರೇಸ್ ಜೇಡರ ಬಲೆಯಾಗುತ್ತದೆ. ನಾಲ್ಕೇ ಹಗ್ಗ ಇರಲಿ, ಬೆಡ್‌ಶೀಟು, ಸೀರೆ ಒಗೆಯುವ ದಿನ ಮಹಡಿಗೊಂದರಂತೆ ಹಂಚಿಕೊಳ್ಳಿ. ಕತ್ತಲಾಗುವ ಮೊದಲು ಬಟ್ಟೆ ತೆಗೆಯಲೇಬೇಕು. ಆರ್.ಟಿ. ನಗರದ ಚಿಕ್ಕ ಕಟ್ಟಡಗಳಿಗೆ ಇಷ್ಟೇ ಸಾಕು, ಹತ್ತು ಮನೆಗೆ ಒಂದು ಕಾಗದ. ಹೆಬ್ಬಾಳದ ಇನ್ನೂರು-ಮುನ್ನೂರು ಮನೆಗಳ ಗೋಪುರಗಳಲ್ಲಿ ಬ್ಲಾಕಿಗೊಬ್ಬರು ಜವಾಬ್ದಾರಿ ಹೊರಬೇಕಾಗುತ್ತದೆ. ಕೀಲಿ ಮಾತ್ರ ಕಾರ್ಯದರ್ಶಿಯ ಮನೆಯ ಡ್ರಾಯರಿನಲ್ಲಿ ಇರಬಾರದು. ಒಂದು ಕಾವಲುಗಾರರ ಬಳಿ, ಒಂದು ಟೆರೇಸ್ ಬಾಗಿಲ ಪಕ್ಕದಲ್ಲೇ ಗಾಜಿನ ಪೆಟ್ಟಿಗೆಯಲ್ಲಿ. ಕೆಳಗೆ ಹೊಗೆಯಿದ್ದು ಇಳಿಯಲಾಗದಿದ್ದರೆ ಕಟ್ಟಡದವರು ಓಡುವುದು ಮೇಲಕ್ಕೇ ಅಲ್ಲವೇ?

ಈಗ ಕೈತೋಟದ ವಿಷಯ. ಆಸೆಯೇನೋ ಒಳ್ಳೆಯದೇ, ಆದರೆ ತೂಕ ನೋಡಿಕೊಳ್ಳಿ. ಜನ ಓಡಾಡುವ ಸಾಮಾನ್ಯ ಟೆರೇಸನ್ನು ಚದರ ಮೀಟರಿಗೆ ಸುಮಾರು 150 ಕೆ.ಜಿ. ಭಾರಕ್ಕೆ ಲೆಕ್ಕ ಹಾಕಿ ಕಟ್ಟಿರುತ್ತಾರೆ. ಒಂದು ಚದರ ಮೀಟರಿನಲ್ಲಿ ಒಂದಡಿ ಆಳ ಮಣ್ಣು ತುಂಬಿ ನೀರು ಹಾಯಿಸಿದರೆ ಅದೇ 500 ಕೆ.ಜಿ. ಆಗುತ್ತದೆ! ಮೂರು ಪಟ್ಟಿಗೂ ಹೆಚ್ಚು. ‘ನಾಲ್ಕು ಇಟ್ಟಿಗೆ ಸಾಲು ಕಟ್ಟಿ ಮಣ್ಣು ಹಾಕೋಣ, ಸೊಪ್ಪು ಬೆಳೆಯೋಣ’ ಎನ್ನುವವರಿಗೆ ಈ ಲೆಕ್ಕ ತೋರಿಸಿ. ಅದರ ಬದಲು ತೆಂಗಿನ ನಾರಿನ ಪುಡಿ, ಕಾಂಪೋಸ್ಟು ಹೆಚ್ಚಿರುವ ಹಗುರ ಮಿಶ್ರಣದ ಚೀಲಗಳನ್ನು ಬಿಡಿಬಿಡಿಯಾಗಿ, ಗೋಡೆಯಂಚಿಗೆ, ಕೆಳಗೆ ತೊಲೆ ಹಾದುಹೋಗುವ ಕಡೆ ಇಡಿ. ಕುಂಡದ ಕೆಳಗೆ ಕಾಲುಳ್ಳ ಸ್ಟ್ಯಾಂಡ್ ಇರಲಿ. ನೀರು ನಿಂತು ಇಂಗಿದರೆ ಮೊದಲು ಒದ್ದೆಯಾಗುವುದು ಕೊನೇ ಮಹಡಿಯವರ ಸೀಲಿಂಗು, ಆಮೇಲೆ ನಿಮ್ಮಿಬ್ಬರ ಮಾತುಕತೆ ಒಣಗಿಹೋಗುತ್ತದೆ. ನೀರಿನ ವಿಷಯದಲ್ಲೂ ಹುಷಾರು. 2024ರ ಮಾರ್ಚ್‌ನಲ್ಲಿ ಬೋರ್‌ವೆಲ್ಲುಗಳು ಬತ್ತಿದಾಗ ಕುಡಿಯುವ ನೀರನ್ನು ಗಿಡಕ್ಕೆ, ಕಾರು ತೊಳೆಯಲು ಬಳಸಬಾರದೆಂದು ಜಲಮಂಡಳಿ ಆದೇಶ ಹೊರಡಿಸಿ 5,000 ರೂಪಾಯಿ ದಂಡ ಇಟ್ಟಿತ್ತು. ಅಕ್ಕಿ, ಬೇಳೆ, ತರಕಾರಿ ತೊಳೆದ ನೀರು ಒಂದು ಬಕೆಟ್ಟಿನಲ್ಲಿ ಹಿಡಿದಿಟ್ಟರೆ ಎಂಟು-ಹತ್ತು ಕುಂಡಕ್ಕೆ ಧಾರಾಳ.

ಕಾರಿನ ಪಕ್ಕದ ಕ್ರಿಕೆಟ್ಟು

ಕೆಳಗಿನ ಸ್ಟಿಲ್ಟ್ ಜಾಗ ಕಾರುಗಳದ್ದು ಎಂದು ನಾವೆಲ್ಲ ಒಪ್ಪಿಕೊಂಡುಬಿಟ್ಟಿದ್ದೇವೆ. ಮುಂಬೈನ ಒಂದು ಪ್ರಕರಣದಲ್ಲಿ ಸುಪ್ರೀಂ ಕೋರ್ಟು 2010ರಲ್ಲೇ ಹೇಳಿದೆ, ಸ್ಟಿಲ್ಟ್ ಪಾರ್ಕಿಂಗ್ ಸಾಮಾನ್ಯ ಜಾಗ, ಬಿಲ್ಡರ್ ಅದನ್ನು ಫ್ಲ್ಯಾಟಿನಂತೆ ಬೇರೆಯಾಗಿ ಮಾರುವಂತಿಲ್ಲ ಅಂತ. ಹಾಗೆಂದು ನಾಳೆಯೇ ಯಾರ ಕಾರನ್ನೂ ಎಬ್ಬಿಸಲು ಹೋಗಬೇಡಿ! ಆದರೆ ಹಗಲು ಹನ್ನೊಂದರಿಂದ ಸಂಜೆ ಆರರವರೆಗೆ ಅರ್ಧ ಕಾರುಗಳು ಆಫೀಸಿನಲ್ಲಿರುತ್ತವೆ. ಆ ಖಾಲಿ ಚೌಕಗಳಲ್ಲಿ ಮಕ್ಕಳು ಮೆತ್ತನೆಯ ಚೆಂಡಿನಲ್ಲಿ ಆಡಲಿ, ಹಿರಿಯರಿಗೆ ನಾಲ್ಕು ಕುರ್ಚಿ ಬೀಳಲಿ, ವಾರಕ್ಕೆರಡು ದಿನ ತರಕಾರಿಯವನ ಗಾಡಿ ಒಳಗೆ ಬರಲಿ. ಕಾರು ಬರುವ ಹೊತ್ತಿಗೆ ಎಲ್ಲವೂ ಮಡಚಿಡುವಂಥದ್ದೇ ಆಗಿರಲಿ. ಗಣೇಶನ ಹಬ್ಬದ ಪೆಂಡಾಲಿಗೂ ಇದೇ ನಿಯಮ: ವಿಸರ್ಜನೆಯ ಮರುದಿನ ಬೆಳಗ್ಗೆ ಜಾಗ ಖಾಲಿ.

ಸ್ಟಿಲ್ಟಿನಲ್ಲಿ ಕಾಯಂ ಆಗಿ ಹಳೇ ಬೀರು, ಹಾಸಿಗೆ, ರಟ್ಟಿನ ಪೆಟ್ಟಿಗೆ ಪೇರಿಸುವುದು ಬೇಡ ಅನ್ನುವುದಕ್ಕೆ ನಮ್ಮ ಭಾಗದಲ್ಲಿ ಇನ್ನೂ ದೊಡ್ಡ ಕಾರಣವಿದೆ. ಯಲಹಂಕದ ಕೇಂದ್ರೀಯ ವಿಹಾರ ನೆನಪಿದೆಯಲ್ಲ? ಕೇಂದ್ರ ಸರ್ಕಾರಿ ನೌಕರರಿಗೆಂದು ಕಟ್ಟಿದ, ಆರು ನೂರರಷ್ಟು ಮನೆಗಳಿರುವ ದೊಡ್ಡ ವಸತಿ ಸಮುಚ್ಚಯ. 2021ರ ನವೆಂಬರ್‌ನಲ್ಲಿ ಯಲಹಂಕ ಕೆರೆ ಕೋಡಿ ಹರಿದು ನೀರೆಲ್ಲ ಒಳಗೆ ಬಂತು. 2024ರ ಅಕ್ಟೋಬರ್‌ನಲ್ಲಿ ಮತ್ತೊಮ್ಮೆ. ಎರಡು ಸಲವೂ ಜನ ದೋಣಿಯಲ್ಲಿ, ಟ್ರ್ಯಾಕ್ಟರಿನಲ್ಲಿ ಹೊರಗೆ ಬಂದರು. ನೀರು ಮೂರನೇ ಮಹಡಿಯ ಮನೆಯೊಳಗೆ ಬರುವುದಿಲ್ಲ ನಿಜ. ಆದರೆ ಸಂಪು, ಪಂಪು, ಮೀಟರ್ ಬೋರ್ಡು ಎಲ್ಲ ಕೆಳಗೇ ಇದ್ದಾಗ ಮೇಲಿನವರಿಗೂ ಲಿಫ್ಟಿಲ್ಲ, ಕರೆಂಟಿಲ್ಲ, ನಲ್ಲಿಯಲ್ಲಿ ನೀರಿಲ್ಲ. ನಿಮ್ಮ ಕಟ್ಟಡ ಕೆರೆಯ ಕೆಳಗೋ ರಾಜಕಾಲುವೆಯ ಪಕ್ಕವೋ ಇದ್ದರೆ ಮಳೆಗಾಲಕ್ಕೆ ಮುಂಚೆ ಮೂರು ಕೆಲಸ ಆಗಬೇಕು. ಮೀಟರ್ ಬೋರ್ಡನ್ನು ಎತ್ತರಕ್ಕೆ ಸರಿಸುವ ಬಗ್ಗೆ ಬೆಸ್ಕಾಂನವರನ್ನು ಕೇಳುವುದು. ಸ್ಟಿಲ್ಟಿನ ಚರಂಡಿ ಜಾಲರಿ ಮುಂದಿನ ಸಾಮಾನು ತೆಗೆಸುವುದು, ಯಾಕೆಂದರೆ ತೇಲುವ ಒಂದೇ ಒಂದು ರಟ್ಟಿನ ಪೆಟ್ಟಿಗೆ ಸಾಕು ಜಾಲರಿ ಮುಚ್ಚಲು. ಮೂರನೆಯದು, ಮೊದಲ ಮಹಡಿಯ ಲಾಬಿಯನ್ನೋ ಕ್ಲಬ್ ರೂಮನ್ನೋ ಗೊತ್ತು ಮಾಡಿ ಅಲ್ಲಿ ಕುಡಿಯುವ ನೀರು, ಟಾರ್ಚು, ಹಗ್ಗ, ಒಂದು ಮಡಚುವ ಸ್ಟ್ರೆಚರು ಇಡುವುದು. ನೆಲಮಹಡಿಯವರಿಗೆ ಹಾಲು ಕಾಯಿಸಲು, ಮಗು ಮಲಗಿಸಲು ಮೇಲೆ ಯಾರ ಮನೆ ಅಂತಲೂ ಮೊದಲೇ ಮಾತಾಡಿಕೊಂಡಿರಿ.

ಎಲೆಕ್ಟ್ರಿಕ್ ಸ್ಕೂಟರ್ ಇರುವವರಿಗೆ ಒಂದು ಮಾತು. ಮೂರನೇ ಮಹಡಿಯಿಂದ ಎಕ್ಸ್‌ಟೆನ್ಷನ್ ವೈರು ಇಳಿಬಿಡುವುದು, ಮೆಟ್ಟಿಲ ಬುಡದಲ್ಲಿ ರಾತ್ರಿಯಿಡೀ ಚಾರ್ಜಿಗೆ ಹಾಕುವುದು ಎರಡೂ ಬೇಡ. ಚಾರ್ಜಿಂಗಿಗೆ ಬೆಸ್ಕಾಂ ಪ್ರತ್ಯೇಕ ಸಂಪರ್ಕ ಕೊಡುತ್ತದೆ, ಅಸೋಸಿಯೇಷನ್ ಮೂಲಕ ಕೇಳಿ. ನಾಯಿ ಸಾಕಿದವರನ್ನು ಲಿಫ್ಟಿನಿಂದ ಇಳಿಸುವ ಸಂಘಗಳೂ ಇವೆ. ಪ್ರಾಣಿ ಕಲ್ಯಾಣ ಮಂಡಳಿಯ 2015ರ ಮಾರ್ಗಸೂಚಿ ಅದನ್ನು ಒಪ್ಪುವುದಿಲ್ಲ, ಸಾಕುಪ್ರಾಣಿಗಳಿಗೆ ಲಿಫ್ಟ್ ನಿರಾಕರಿಸುವಂತಿಲ್ಲ. ಗಲೀಜು ಮಾಡಿದರೆ ಸಾಕಿದವರು ತೆಗೆಯಬೇಕು, ಅಷ್ಟೆ.

ನಾಯಿಗೆ ಲಿಫ್ಟ್ ಸಿಕ್ಕಿತು. ನಿಮ್ಮ ಮನೆಗೆಲಸದಾಕೆಗೆ? ಬೆಳಗ್ಗೆ ಏಳಕ್ಕೆ ಬಂದು ಮಧ್ಯಾಹ್ನದವರೆಗೆ ನಾಲ್ಕೈದು ಮನೆ ಮುಗಿಸುವ ಹೆಂಗಸು ಶೌಚಕ್ಕೆ ಎಲ್ಲಿ ಹೋಗುತ್ತಾಳೆ, ಯೋಚಿಸಿದ್ದೀರಾ? ಎಷ್ಟೋ ಕಟ್ಟಡಗಳಲ್ಲಿ ಇರುವುದು ಕಾವಲುಗಾರರದ್ದೊಂದೇ, ಅದೂ ಚಿಲಕವಿಲ್ಲದ್ದು. ಮನೆಯೊಳಗೆ ಬಿಡುವವರು ಕಡಿಮೆ. ಅವಳು ನೀರು ಕುಡಿಯುವುದನ್ನೇ ಬಿಡುತ್ತಾಳೆ, ಆಮೇಲೆ ಉರಿಮೂತ್ರ ಅಂತ ರಜೆ ಹಾಕಿದರೆ ನಮಗೆ ಸಿಟ್ಟು! ಸ್ಟಿಲ್ಟಿನ ಮೂಲೆಯಲ್ಲಿ ಹಳೇ ಸಾಮಾನು ತುಂಬಿದ ಒಂದು ಟಾಯ್ಲೆಟ್ ನಿಮ್ಮಲ್ಲೂ ಇರಬಹುದು. ಅದನ್ನು ಖಾಲಿ ಮಾಡಿಸಿ ಬಲ್ಬು, ಚಿಲಕ, ಒಂದು ಮುಚ್ಚಳವಿರುವ ಕಸದ ಬುಟ್ಟಿ ಇಡಿಸಿ. ಸಾಮಾನ್ಯ ಜಾಗದಲ್ಲಿ ಮಾಡುವ ಎಲ್ಲ ಬದಲಾವಣೆಗಳಲ್ಲಿ ಮೊದಲು ಆಗಬೇಕಾದದ್ದು ಇದು ಅನ್ನುತ್ತೇನೆ ನಾನು.

‘ಇವನ್ನೆಲ್ಲ ನಮ್ಮ ಮಾತು ಕೇಳಿ ಯಾರು ಮಾಡ್ತಾರೆ?’ ಎಂಬ ಪ್ರಶ್ನೆ ಬಂದೇ ಬರುತ್ತದೆ. ನಿಜ. ದಿನವಿಡೀ ಕಟ್ಟಡದಲ್ಲಿ ಇರುವವರು ನಾವು, ಭಾನುವಾರದ ಮೀಟಿಂಗಿನಲ್ಲಿ ಕೈ ಎತ್ತುವವರು ಅವರು. ಮನೆ ಗಂಡನ ಹೆಸರಿನಲ್ಲಿದ್ದರೆ ಸಂಘದ ಸದಸ್ಯರು ಅವರೇ. ಇಬ್ಬರ ಹೆಸರಿನಲ್ಲಿದ್ದರೂ ಅನೇಕ ಬೈಲಾಗಳಲ್ಲಿ ಮೊದಲ ಹೆಸರಿನವರಿಗೆ ಮಾತ್ರ ಮತ. ಬಾಡಿಗೆಗೆ ಇರುವವರಿಗಂತೂ ಮತವೇ ಇಲ್ಲ. ಆದರೆ ಅದೇ ಬೈಲಾದಲ್ಲಿ ಪ್ರಾಕ್ಸಿಗೆ ಅವಕಾಶ ಇದೆಯೇ ನೋಡಿ, ಸಾಮಾನ್ಯವಾಗಿ ಇರುತ್ತದೆ. ‘ನನ್ನ ಪರವಾಗಿ ನನ್ನ ಪತ್ನಿ ಮತ ಚಲಾಯಿಸುತ್ತಾರೆ’ ಎಂದು ಒಂದು ಸಾಲು ಬರೆಸಿ, ಸಹಿ ಹಾಕಿಸಿ, ಸಭೆಗೆ ಮುಂಚೆ ಕಾರ್ಯದರ್ಶಿಗೆ ಕೊಟ್ಟರಾಯಿತು. ಬಾಡಿಗೆದಾರರು ಮಾಲೀಕರಿಂದ ಇಂಥದ್ದೇ ಪತ್ರ ತರಿಸಬಹುದೇ ಎಂದು ಬೈಲಾ ನೋಡಿ. ದೂರದ ಊರಲ್ಲಿರುವ ಮಾಲೀಕರು ಸಂತೋಷವಾಗೇ ಬರೆದುಕೊಡುತ್ತಾರೆ, ಅವರಿಗೂ ಒಂದು ಓಡಾಟ ಉಳಿಯಿತಲ್ಲ.

ವಿಷಯವನ್ನು ಸಭೆಯ ನೋಟಿಸಿನಲ್ಲೇ ಹಾಕಿಸಬೇಕು. ಟೆರೇಸ್ ವೇಳಾಪಟ್ಟಿ, ಕಾರಿಡಾರ್ ಖಾಲಿ, ಕೆಲಸದವರ ಶೌಚಾಲಯ, ಹೀಗೆ ಒಂದೊಂದೂ ಬೇರೆ ಬೇರೆ ಸಾಲು, ಕೆಳಗೆ ಐದಾರು ಮನೆಯವರ ಸಹಿ. ‘ಇತರೆ ವಿಷಯ’ ಎಂದು ಬಿಟ್ಟರೆ ಅದು ಕಾಫಿ, ಬಿಸ್ಕತ್ತು ಬರುವ ಹೊತ್ತಿಗೆ ಬರುತ್ತದೆ, ಆಗ ಎಲ್ಲರೂ ಎದ್ದಿರುತ್ತಾರೆ. ತೀರ್ಮಾನ ಆದದ್ದು ನಡಾವಳಿ ಪುಸ್ತಕದಲ್ಲಿ ಬರೆದಾಯಿತೇ ಎಂದು ಅಲ್ಲೇ ಓದಿಸಿ. ಮೊದಲ ಮೂರು ತಿಂಗಳಿಗೆ ಪ್ರಯೋಗ ಎಂದು ಬರೆಸಿದರೆ ಎದುರು ಹೇಳುವವರೂ ಸುಮ್ಮನೆ ಒಪ್ಪುತ್ತಾರೆ.